ಮಡ್‌ಗಾರ್ಡಿನಲ್ಲಿ ಬೆಳೆದ ಕೊತ್ತಂಬರಿ

ಅತ್ತಿಗೆ, ಅಂದು ಅಣ್ಣನ ಬೈಕ್ ಕೆಡಿಸಿದ್ದು ನಾನು. ನಿಮ್ಮ ಕಾಲ್ಗುಣಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದು ನನಗೆ ಆಗಲೇ ಗೊತ್ತಿತ್ತು — ಗೊತ್ತಿದ್ದೂ ಇಪ್ಪತ್ತು ವರ್ಷ ನಿಮ್ಮ ಕೈಯಡುಗೆ ಉಂಡುಕೊಂಡು, ಬಾಯಿಗೆ ಬೀಗ ಹಾಕಿಕೊಂಡು ಈ ಮನೆಯಲ್ಲಿ ಓಡಾಡಿದೆ.

ನಿಮ್ಮ ಮದುವೆ ಹತ್ತಿರವಾಗಿತ್ತು. ಅಣ್ಣ ಲಗ್ನಪತ್ರಿಕೆ ಹಂಚಲು ಬಸ್ಸಿನಲ್ಲಿ ಹೋಗಿದ್ದ. ನಾನು ಹೇಳದೆ ಕೇಳದೆ ಅವನ ಬೈಕ್ ತೆಗೆದುಕೊಂಡು ಬಸ್ತಿಹಳ್ಳಿಗೆ ಹೋದೆ. ಗೆಳೆಯರ ಮುಂದೆ ಶೋಕಿ ಮಾಡಿ ಗರ್ರನೆ ತಿರುಗಿಸುವಾಗ ಹಿಂಭಾಗ ಕಲ್ಲುಕಂಬಕ್ಕೆ ಬಡಿದು ಮಡ್‌ಗಾರ್ಡ್ ನಗ್ಗಿಹೋಯಿತು. ಅಂಥದೇ ಕಪ್ಪು ಮಡ್‌ಗಾರ್ಡ್ ತಂದು ಹಿತ್ತಿಲಿನಲ್ಲಿ ನಾನೇ ಹಾಕಲು ಕೂತೆ. ನಾಲ್ಕು ಬೋಲ್ಟು ಬಿಚ್ಚಿ ಬಿಗಿಯುವುದೇನು ಮಹಾ — ಎಂದುಕೊಂಡೆ. ಹಿಂದಿನ ದೀಪದ ತಂತಿಗಳು ಮಡ್‌ಗಾರ್ಡಿನ ಒಳಮೈಯ ಪುಟ್ಟ ಕೊಂಡಿಯೊಳಗೆ ಹಾದುಹೋಗಬೇಕು. ಅಣ್ಣ ಬಂದುಬಿಟ್ಟಾನೆಂಬ ಅವಸರದಲ್ಲಿ ನಾನು ಒಂದು ತಂತಿಯನ್ನು ಬೋಲ್ಟಿನ ಕೆಳಗೇ ಸಿಕ್ಕಿಸಿ ಬಿಗಿದೆ. ದೀಪ ಹತ್ತಿತು, ನನಗಷ್ಟೇ ಸಾಕಿತ್ತು. ನಗ್ಗಿದ್ದನ್ನು ತೆಂಗಿನ ಮಟ್ಟೆಯ ರಾಶಿಯಡಿ ಬಚ್ಚಿಟ್ಟೆ.

ಮದುವೆಯಾದ ಮೂರನೇ ದಿನ ನೀವಿಬ್ಬರೂ ದೇವರ ದರ್ಶನಕ್ಕೆಂದು ಬೇಲೂರಿಗೆ ಹೊರಟಿರಿ. ದಾರಿಯ ಗುಂಡಿಯೊಂದರಲ್ಲಿ ಬೈಕ್ ಕುಕ್ಕಿದಾಗ ಆ ತಂತಿ ಕಬ್ಬಿಣಕ್ಕೆ ತಾಗಿ ಫ್ಯೂಸ್ ಹೋಯಿತು. ಓಡುತ್ತಿದ್ದ ಎಂಜಿನ್ ನಿಂತಿತು. ಹಿಂದೆ ಬರುತ್ತಿದ್ದ ಲಾರಿಗೆ ಹೆದರಿ ಅಣ್ಣ ಪಕ್ಕಕ್ಕೆಳೆದ, ಇಬ್ಬರೂ ಚರಂಡಿಗೆ ಬಿದ್ದಿರಿ. ಅವನ ಮಣಿಕಟ್ಟು ಮುರಿಯಿತು. ನೀವು ಕೆಸರಾದ ರೇಷ್ಮೆ ಸೀರೆಯಲ್ಲಿ ಬಂದು ನಿಂತಾಗ ಅಮ್ಮ ದನಿ ಏರಿಸದೆ, ಸಂತೆಯ ಸುದ್ದಿ ಹೇಳುವವರ ಹಾಗೆ ಅಂದರು: "ಇಷ್ಟು ದಿನ ಗಾಡಿಗೆ ಏನೂ ಆಗಿರ್ನಿಲ್ಲ. ಹೊಸ್ಲು ದಾಟಿದ ಕಾಲ್ಗುಣ, ಇನ್ನೇನೈತೆ."

ಮರುದಿನ ಬಿಚ್ಚಿ ನೋಡಿದೆ. ಬೋಲ್ಟಿನಡಿ ತಂತಿ ಸುಟ್ಟು ಕರಕಲಾಗಿತ್ತು. ಟೇಪು ಸುತ್ತಿ, ಸರಿಮಾಡಿ, ಕೈ ತೊಳೆದುಕೊಂಡೆ. ಆಗ ಒಂದು ಮಾತು ಹೇಳಬಹುದಿತ್ತು — ಹೇಳಲಿಲ್ಲ. ಅಣ್ಣ ಬೈಯುತ್ತಾನೆಂದು ಹೇಳಲಿಲ್ಲ, ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಅಂದಿನಿಂದ ಮನೆಯಿಂದ ಯಾರೇ ಒಳ್ಳೆಯ ಕೆಲಸಕ್ಕೆ ಹೊರಟರೂ ಅಮ್ಮ "ವನಜಾ, ಒಳಗೋಗವ್ವ" ಅನ್ನುತ್ತಿದ್ದರು. ಬರಬರುತ್ತ ಅದನ್ನು ಹೇಳುವ ಅಗತ್ಯವೂ ಬೀಳಲಿಲ್ಲ. ಹೊರಡುವವರು ಚಪ್ಪಲಿ ಮೆಟ್ಟುತ್ತಿದ್ದಂತೆ ನೀವೇ ಅಡುಗೆಮನೆಗೆ ಸರಿದುಬಿಡುತ್ತಿದ್ದಿರಿ.

ಮೊನ್ನೆ ನಿಮ್ಮ ಮಗಳು ಸಿಂಧುವಿಗೆ ಬೇಲೂರಿನಲ್ಲಿ ಕೆಲಸ ಸಿಕ್ಕಿತು, ಅಣ್ಣ ಅದೇ ಬೈಕನ್ನು ಅವಳಿಗೆ ಕೊಟ್ಟ. ನಾನು ಹಾಕಿದ್ದ ಮಡ್‌ಗಾರ್ಡ್ ತುಕ್ಕು ಹಿಡಿದು ಸೀಳಿತ್ತು. ಅರಸೀಕೆರೆಯಿಂದ ಹೊಸದು ತಂದು ಮತ್ತೆ ಹಿತ್ತಿಲಿನಲ್ಲಿ ಕೂತರೆ ತೂತುಗಳು ಕೂಡುತ್ತಲೇ ಇಲ್ಲ. ನಾನು ಅಂಗಡಿಯವನಿಗೆ ಶಾಪ ಹಾಕುತ್ತಿದ್ದೆ. ನೀವು ಬಂದಿರಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಮ್ಮ ಕೊತ್ತಂಬರಿಯ ಹಸಿರು ತೊಟ್ಟಿ ಇತ್ತಲ್ಲ, ಅದರಿಂದ ಕೊತ್ತಂಬರಿಯನ್ನೆಲ್ಲ ಕಿತ್ತು, ಮಣ್ಣು ಸುರಿದು, ನಲ್ಲಿಯಡಿ ತೊಳೆದು ನನ್ನ ಮುಂದಿಟ್ಟಿರಿ.

"ಅಳತೆಗೆ ಇದನ್ನ ತಗೋ. ಗಾಡಿ ಜೊತೆ ಬಂದಿದ್ದು, ಸರಿಯಾಗಿರುತ್ತೆ."

ಕಿಟಕಿಗೆ ಬಳಿದು ಉಳಿದ ಹಸಿರು ಬಣ್ಣ. ಅದರಡಿ ನಾನು ಬಸ್ತಿಹಳ್ಳಿಯಲ್ಲಿ ಮಾಡಿದ ನಗ್ಗು.

"ಇದು... ಯಾವಾಗ ಸಿಕ್ತು ಅತ್ತಿಗೆ?"

"ಬಂದ ಹೊಸದ್ರಲ್ಲೇ. ಒಲೆಗೆ ಮಟ್ಟೆ ತರಕ್ಕೆ ಹೋದಾಗ." ಒಳಮೈಯ ತುಕ್ಕು ಹಿಡಿದ ಕೊಂಡಿಯ ಮೇಲೆ ಬೆರಳಿಟ್ಟಿರಿ. "ವೈರು ಇದ್ರೊಳಗೆ ಹೋಗ್ಬೇಕಲ್ವೇನೋ?" ಎಂದು ಕೇಳಿ ಕೊತ್ತಂಬರಿ ತೊಳೆಯಲು ಹೋದಿರಿ.

ಯಾವ ದಿನ ಬೇಕಾದರೂ ಅದನ್ನು ತಂದು ಅಮ್ಮನ ಮುಂದೆ ಎಸೆಯಬಹುದಿತ್ತು ನೀವು. ಎಸೆಯದೆ, ಎಲ್ಲರ ಕಣ್ಣೆದುರೇ ಇಟ್ಟು, ನೀರು ಹಾಕಿ — ನಾನೇ ಎಷ್ಟು ಸಲ ಅದರಿಂದ ಸಾರಿಗೆ ಸೊಪ್ಪು ಕಿತ್ತುಕೊಟ್ಟಿದ್ದೇನೆ. ಅದು ಕ್ಷಮೆಯೋ, ಹಟವೋ, ನನಗೆ ಕೊಟ್ಟ ಗಡುವೋ, ಈಗಲೂ ತಿಳಿಯದು. ನಮ್ಮ ಹಳೇಬೀಡಿನ ಗುಡಿಯ ಗೋಡೆ ನೋಡಲು ಎಲ್ಲೆಲ್ಲಿಂದಲೋ ಜನ ಬಂದು ಮಾತು ಮರೆತು ನಿಲ್ಲುತ್ತಾರೆ. ಇಲ್ಲೇ ಹುಟ್ಟಿದ ನನಗೆ ಹಾಗೆ ನಿಲ್ಲುವುದು ಏನೆಂದು ಆವತ್ತು ಗೊತ್ತಾಯಿತು. ತಂತಿಗಳನ್ನು ಒಂದೊಂದಾಗಿ ಕೊಂಡಿಯೊಳಗೆ ಹಾಯಿಸಿದೆ.

ಇಂದು ಬೆಳಿಗ್ಗೆ ಸಿಂಧು ಹೆಲ್ಮೆಟ್ ಹಾಕಿಕೊಂಡಳು. ನೀವು ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಸರಿದಿರಿ — ಹೆತ್ತ ಮಗಳು ಮೊದಲ ದಿನ ಕೆಲಸಕ್ಕೆ ಹೊರಟಾಗಲೂ.

"ಅಮ್ಮ, ಅವತ್ತು ಬೈಕ್ ಕೆಡ್ಸಿದ್ದು ನಾನು," ಎಂದೆ. "ಅತ್ತಿಗೆ ಕಾಲ್ಗುಣ ಅಲ್ಲ." ಎಲ್ಲವನ್ನೂ ಹೇಳಿದೆ. ಅಣ್ಣ ತನ್ನ ಮಣಿಕಟ್ಟನ್ನೇ ನೋಡುತ್ತ ಕೂತ. ಅಮ್ಮ ಒಳಗಿನ ಕಡೆ ತಿರುಗಿದರು.

"ವನಜಾ, ಈಚೆಗೆ ಬಾರವ್ವ. ಮಗಳು ಹೊಂಟವ್ಳೆ."

"ಹಾಲಿಟ್ಟಿದೀನಿ ಅತ್ತೆ," ಎಂದಿರಿ. ಬರಲಿಲ್ಲ.

ಕರೆಯಲು ನಾನೇ ಒಳಗೆ ಬಂದೆ. ಒಲೆ ಆರಿತ್ತು. ನೀವು ಕಿಟಕಿಯ ಸರಳು ಹಿಡಿದು ನಿಂತಿದ್ದಿರಿ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ, ಆಗಲಿಲ್ಲ — ಅದಕ್ಕೇ ಈಗ ಬರೆಯುತ್ತಿದ್ದೇನೆ. ನಿಮ್ಮ ಪಕ್ಕ ನಿಂತು ಮೊದಲ ಸಲ ಆ ಕಿಟಕಿಯಿಂದ ಹೊರಗೆ ನೋಡಿದೆ. ಅಲ್ಲಿಂದ ಬಾಗಿಲು ಕಾಣುವುದಿಲ್ಲ, ಹೊರಡುವವರ ಮುಖವೂ ಕಾಣುವುದಿಲ್ಲ. ಕಾಣುವುದು ಬೇಲೂರು ರಸ್ತೆಯ ತಿರುವೊಂದೇ. ಅಷ್ಟರಲ್ಲಿ ಹೊರಟಿದ್ದ ಸಿಂಧು ಅಲ್ಲಿ ಬ್ರೇಕ್ ಹಿಡಿದಳು. ಹಿಂದಿನ ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಈ ಇಪ್ಪತ್ತು ವರ್ಷ ನೀವು ನೋಡಿದ್ದು ಅಷ್ಟನ್ನೇ.