ಪೀಠ ಏರದ ಪ್ರಭುದೇವ್

ಮಧುಗಿರಿ ಬಸ್ ನಿಲ್ದಾಣದ ಎದುರು ಆಳೆತ್ತರದ ಫ್ಲೆಕ್ಸಿನಲ್ಲಿ ಪ್ರಭುದೇವನ ಮುಖ ನಿಂತಿದ್ದಾಗ ಅವನಿಗೆ ಇಪ್ಪತ್ತಮೂರು ವರ್ಷ. ಕೆಳಗೆ ಶುಭಕೋರುವ ವರ್ತಕರ ಫೋಟೋಗಳ ಸಾಲು. ಚನ್ನರಾಯನದುರ್ಗದ ಹತ್ತಿರದ ಒಂದು ಸಣ್ಣ ಮಠಕ್ಕೆ ಅವನು ಸ್ವಾಮಿಯಾಗಲು ಇನ್ನು ಐದು ದಿನ ಉಳಿದಿತ್ತು.

ಅವನನ್ನು ಮಠಕ್ಕೆ ಕೊಟ್ಟಾಗ ಹನ್ನೊಂದು ವರ್ಷ. ತಂದೆ ಮರುಳಸಿದ್ದಯ್ಯ ದೊಡ್ಡೇರಿ ಕಡೆಯ ಹಳ್ಳಿಗಳಲ್ಲಿ ಮದುವೆ, ಗೃಹಪ್ರವೇಶ ಮಾಡಿಸುವ ಅಯ್ನೋರು. ಮಗ ಒಮ್ಮೆ ಕೇಳಿದ ವಚನವನ್ನು ಹಾಗೇ ಒಪ್ಪಿಸುವುದನ್ನು ಕಂಡ ಮಠದ ಹಿರಿಯ ಸ್ವಾಮಿಗಳು "ಈ ಹುಡುಗ ನಮಗಿರಲಿ" ಅಂದಿದ್ದರು. ತಂದೆ ಹೆಮ್ಮೆಯಿಂದ ಒಪ್ಪಿದ್ದರು. ತಾಯಿ ಕರಿಬಸಮ್ಮ ಅತ್ತಿದ್ದು ಹಿತ್ತಲಲ್ಲಿ. ಆ ಕಡೆ ಜನ ಸ್ವಾಮಿಗಳನ್ನು ಬುದ್ಧಿ ಅಂತ ಕರೆಯುತ್ತಾರೆ. ಹಾಗಾಗಿ ಹಿರಿಯರು ದೊಡ್ಡಬುದ್ಧಿ, ಹುಡುಗ ಚಿಕ್ಕಬುದ್ಧಿ.

ಪ್ರಭುದೇವನಿಗೆ ಮಠ ಬೇಸರವಾಗಿರಲಿಲ್ಲ. ಬೆಳಿಗ್ಗೆ ಎದ್ದು ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಕೂತರೆ ಮುಕ್ಕಾಲು ಗಂಟೆ ಎಲ್ಲಿ ಹೋಯಿತೆಂದು ತಿಳಿಯುತ್ತಿರಲಿಲ್ಲ. ತನ್ನ ವಯಸ್ಸಿನವರು ದೇವರ ಬಗ್ಗೆ ಮೊಬೈಲಿನಲ್ಲಿ ಜಗಳವಾಡುವುದನ್ನು ನೋಡಿದಾಗ ಅವನಿಗೆ ಯಾವ ಪಕ್ಷವೂ ತನ್ನದೆನ್ನಿಸುತ್ತಿರಲಿಲ್ಲ.

ಸ್ವಾಮಿಯಾಗುವ ಪಟ್ಟಕ್ಕೆ ಸುಮಾರು ಮೂರು ವಾರ ಮುಂಚಿನ ಅಮಾವಾಸ್ಯೆಯ ದಿನ ದರ್ಶನಕ್ಕೆ ಉದ್ದದ ಸಾಲಿತ್ತು. ದೊಡ್ಡಬುದ್ಧಿಗೆ ಜ್ವರವಿದ್ದುದರಿಂದ ಪ್ರಭುದೇವನೇ ಕೂತಿದ್ದ. ಪಕ್ಕದ ಹಳ್ಳಿಯ ರಂಗಕ್ಕ ತನ್ನ ಮೊಮ್ಮಗಳು ಆಶಾರಾಣಿಯನ್ನು ಮುಂದೆ ತಳ್ಳಿದಳು. ಹದಿನೇಳರ ಹುಡುಗಿ, ಪಿಯುಸಿ ಓದುತ್ತಿದ್ದಳು. ಫಿಟ್ಸ್ ಬರುತ್ತಿತ್ತು.

"ಬುದ್ಧಿ, ಮಾತ್ರೆ ತಗೊಂಡ್ರೆ ದಿನವೆಲ್ಲಾ ನಿದ್ದೆ ಬರುತ್ತೆ. ಪರೀಕ್ಷೆ ಹತ್ರ ಬಂತು. ನಿಲ್ಲಿಸ್ಲಾ?" ಎಂದು ಅವಳು ಮೆಲ್ಲಗೆ ಕೇಳಿದಳು.

ಅವನ ಕಣ್ಣು ಸಾಲಿನ ಕೊನೆಯಲ್ಲಿತ್ತು. ತಲೆಯ ಮೇಲೆ ಕೈಯಿಟ್ಟು "ಎಲ್ಲಾ ಒಳ್ಳೇದಾಗುತ್ತೆ, ಹೋಗಮ್ಮ" ಅಂದ. ಅವಳು ನಕ್ಕು ಹೋದಳು.

ಎರಡು ವಾರದ ನಂತರ ಮುದ್ದೆಗೆ ಎಸರಿಟ್ಟು ಪಾತ್ರೆ ಇಳಿಸುವಾಗ ಆಶಾರಾಣಿಗೆ ಫಿಟ್ಸ್ ಬಂತು. ಕುದಿಯುವ ನೀರು ಬಲಗೈಯ ಮೇಲೆ, ಕುತ್ತಿಗೆಯ ಮೇಲೆ ಬಿತ್ತು. ಪಟ್ಟಕ್ಕೆ ಐದು ದಿನವಿತ್ತು. ಅವಳು ಮಾತ್ರೆ ನಿಲ್ಲಿಸಿದ್ದಳೆಂಬ ಸುದ್ದಿ ಕೇಳಿ ಪ್ರಭುದೇವ್ ಮಧುಗಿರಿಯ ಆಸ್ಪತ್ರೆಗೆ ಹೋದ. ಅವನನ್ನು ಕಂಡದ್ದೇ ರಂಗಕ್ಕ ವಾರ್ಡಿನ ನೆಲದ ಮೇಲೆ ಅಡ್ಡಬಿದ್ದಳು.

"ಏಳಜ್ಜಿ. ನನ್ನಿಂದ ತಪ್ಪಾಯ್ತು."

"ನಿಮ್ದೇನು ತಪ್ಪೈತೆ ಬುದ್ಧಿ? ನೀವು ಕೈ ಮಡಗಿದ್ಕೇ ಜೀವ ಉಳಕಂತು. ಇಲ್ದಿದ್ರೆ ಒಲೆಗೇ ಬಿದ್ಬುಡ್ತಿತ್ತು ಕೂಸು."

ಹಾಸಿಗೆಯ ಮೇಲಿದ್ದ ಆಶಾರಾಣಿ, ಅಜ್ಜಿ ನೀರು ತರಲು ಹೋಗುವವರೆಗೂ ಕಾದಳು. ಆಮೇಲೆ ಹೇಳಿದಳು: "ಅಜ್ಜಿ ಏನೇ ಹೇಳಿದ್ರೂ ನಾನು ಮಾತ್ರೆ ಬಿಡ್ತಿರಲಿಲ್ಲ. ನನಗೆ ವಿಭೂತಿ, ತಾಯತದ ಮೇಲೆಲ್ಲ ನಂಬಿಕೆ ಇಲ್ಲ. ನೀವು ಓದಿರೋರು, ನಮ್ಮ ವಯಸ್ಸಿನೋರು. ಗೊತ್ತಿಲ್ದೆ ಹೇಳಲ್ಲ ಅಂದ್ಕೊಂಡೆ."

ಮಠಕ್ಕೆ ಹಿಂತಿರುಗುವ ದಾರಿಯುದ್ದಕ್ಕೂ ಕಂಬಕಂಬಕ್ಕೂ ತನ್ನ ಮುಖ ನೋಡುತ್ತ ಬಂದ. ಐದು ದಿನ ಮೂರಾಯಿತು. ಚಪ್ಪರದ ಗಳಗಳು ಬಂದವು. ದರ್ಜಿ ಕಾವಿ ಬಟ್ಟೆಯ ಅಳತೆ ತೆಗೆದುಕೊಂಡು ಹೋದ. ಅವನು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಪಟ್ಟಾಧಿಕಾರಕ್ಕೆ ಎರಡು ದಿನವಿರುವಾಗ ಬೆಳಗಿನ ಪೂಜೆ ಮುಗಿಸಿ ದೊಡ್ಡಬುದ್ಧಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದ. ಕೊನೆಗೆ, "ನಾನು ಪೀಠದ ಮೇಲೆ ಕೂರಲ್ಲ ಬುದ್ಧಿ" ಅಂದ.

"ನಂಬಿಕೆ ಹೋಯ್ತೇನಪ್ಪ?"

"ಇಲ್ಲ ಬುದ್ಧಿ. ಹೋಗಿದ್ರೆ ಕೂರೋದು ಸುಲಭ ಇರ್ತಿತ್ತು."

ಎಪ್ಪತ್ತೆಂಟರ ಮುದುಕರು ಕಿಟಕಿಯ ಕಡೆ ತಿರುಗಿದರು.

"ಐವತ್ತು ವರ್ಷದಿಂದ ನಾನೂ ಅದನ್ನೇ ಹೇಳಿದೀನಿ, ಒಳ್ಳೇದಾಗುತ್ತೆ ಅಂತ. ಒಳ್ಳೇದಾದೋರು ಮತ್ತೆ ಬಂದ್ರು. ಆಗದೇ ಇದ್ದೋರು ಏನಾದ್ರು ಅಂತ ನಾನು ಕೇಳಲೇ ಇಲ್ಲ." ಅವರು ಅವನತ್ತ ತಿರುಗಿದರು. "ಇನ್ನೊಬ್ಬನ್ನ ತಯಾರು ಮಾಡೋ ಆಯಸ್ಸು ನನಗಿಲ್ಲ, ಅದು ನಿನಗೆ ಗೊತ್ತಿರಲಿ. ಹೋಗೋನು ಓಡಿ ಹೋಗಬ್ಯಾಡ. ಜನದ ಮುಂದೆ ನಿಂತು ನೀನೇ ಹೇಳು. ನಿನ್ನ ಪರವಾಗಿ ನನ್ನ ಬಾಯಲ್ಲಿ ಸುಳ್ಳು ಹೇಳಿಸಬ್ಯಾಡ."

ಸಂಜೆಯೊಳಗೆ ಮಠದ ಸಮಿತಿಯ ಅಧ್ಯಕ್ಷ ಶಂಕರಲಿಂಗಪ್ಪ ಕಾರಿನಲ್ಲಿ ಬಂದಿಳಿದರು. ಮಧುಗಿರಿಯ ದೊಡ್ಡ ವರ್ತಕರು. ಮೊದಲು ಕೈಮುಗಿದೇ ಮಾತಾಡಿದರು.

"ಕಾರ್ಡು ಹಂಚಿ ಆಗೈತೆ ಬುದ್ಧಿ. ನಾಕು ತಾಲ್ಲೂಕಿನ ಜನ ಬತ್ತಾರೆ. ತಮಗೆ ಹುಷಾರಿಲ್ಲ ಅಂತ ಹೇಳಿ ಬೇಕಾದ್ರೆ ಒಂದು ತಿಂಗಳು ಮುಂದಕ್ಕೆ ಹಾಕಾನ."

"ನನಗೆ ಏನೂ ಆಗಿಲ್ಲ. ಬ್ಯಾಡಿ."

ಮೂರನೆಯ ಸಲ ಬೇಡ ಅಂದಾಗ ಅವರ ಕೈ ಬಿಚ್ಚಿಕೊಂಡಿತು, ಮಾತು ಬದಲಾಯಿತು. "ಲೇ, ಹನ್ನೆರಡು ವರ್ಸ ನಿಂಗೆ ಅನ್ನ ಇಕ್ಕಿದ್ದು ಯಾರ್ಲಾ? ಆ ಹುಡ್ಗೀನ ನೋಡೋಕೆ ನೀನು ಆಸ್ಪತ್ರೆಗೆ ಹೋಗಿದ್ದು ಎಲ್ರಿಗೂ ಗೊತ್ತೈತೆ. ನೀನು ಪೀಠ ಬುಟ್ರೆ ಜನ ಆ ಹುಡ್ಗಿ ಬಗ್ಗೆ ಏನಂತಾರೆ ಯೋಚ್ನೆ ಮಾಡ್ಕೊ."

ಪ್ರಭುದೇವ್ ತನಗಾಗಿ ಅಷ್ಟು ಹೆದರಿರಲಿಲ್ಲ. ಸುಟ್ಟ ಕೈ ಹೊತ್ತು ಮಲಗಿರುವ ಹುಡುಗಿಯ ಮೇಲೆ ಈ ಮಾತೂ ಬೀಳುತ್ತದೆಯಲ್ಲ ಎಂದು ಹೆದರಿದ. ಕೂತರೆ ಸುಳ್ಳು, ಎದ್ದರೆ ಅವಳಿಗೆ ಅಪವಾದ.

ಪಟ್ಟದ ದಿನ ಚಪ್ಪರ ತುಂಬಿತ್ತು. ಮುಂದಿನ ಸಾಲಿನಲ್ಲಿ ತಂದೆ, ತಾಯಿ. ಪಟ್ಟವಾದ ಮೇಲೆ ಮಗ ಮಗನಾಗಿ ಉಳಿಯುವುದಿಲ್ಲ, ಮೊದಲು ಪಾದ ಮುಟ್ಟಬೇಕಾದವರು ಅವರೇ. ಕರಿಬಸಮ್ಮ ಹೂವಿನ ತಟ್ಟೆ ಹಿಡಿದು ಕೂತಿದ್ದಳು. ಪ್ರಭುದೇವ್ ಬಿಳಿ ಬಟ್ಟೆಯಲ್ಲೇ ವೇದಿಕೆ ಹತ್ತಿದ್ದು ಕಂಡು ಗುಸುಗುಸು ಶುರುವಾಯಿತು. ದೊಡ್ಡಬುದ್ಧಿ ತಾವೇ ಮೈಕನ್ನು ಅವನತ್ತ ತಿರುಗಿಸಿದರು.

"ನನಗೆ ಗೊತ್ತಿಲ್ಲದ ವಿಷಯದಲ್ಲಿ ಒಬ್ಬರಿಗೆ ಒಳ್ಳೇದಾಗುತ್ತೆ ಅಂತ ಹೇಳಿದೆ. ಅದನ್ನ ನಂಬಿ ಅವರು ಔಷಧಿ ಬಿಟ್ಟರು. ಅವರಿಗೆ ಬಹಳ ನೋವಾಯ್ತು. ಈ ಪೀಠದ ಮೇಲೆ ಕೂತರೆ ದಿನಾ ಇಂಥ ಮಾತು ಹೇಳಬೇಕಾಗುತ್ತೆ. ನನಗೆ ಶಿವನ ಮೇಲೆ ನಂಬಿಕೆ ಇದೆ. ನನ್ನ ಮಾತಿನ ಮೇಲೆ ಇಲ್ಲ. ನಾನು ಕೂರೋದಿಲ್ಲ."

ಹಿಂದಿನಿಂದ ಯಾರೋ ಕೂಗಿದರು: "ಯಾವ ಹುಡ್ಗಿ ಅಂತ ಹೇಳ್ಲಾ!" ಕುರ್ಚಿಗಳು ಸರಿದವು. ನಾಲ್ಕೈದು ಜನ ವೇದಿಕೆಯ ಕಡೆ ನುಗ್ಗಿದರು. ಒಬ್ಬ ಅವನ ಹೆಗಲಿನ ಬಟ್ಟೆಗೆ ಕೈ ಹಾಕಿ ಎಳೆದ. ಶಂಕರಲಿಂಗಪ್ಪ ಕೂತಲ್ಲಿಂದ ಅಲುಗಲಿಲ್ಲ.

ಹೆಂಗಸರ ಕಡೆಯಿಂದ ರಂಗಕ್ಕ ಎದ್ದಳು. "ನನ್ ಮೊಮ್ಮಗಳು ಕಣ್ರಪ್ಪ! ಫಿಟ್ಸು ಬಂದು ಕೈ ಸುಟ್ಕಂಡೈತೆ. ಆ ಕೂಸಿನ ಸುದ್ದಿ ಎತ್ತಿದ್ರೆ ನಾಲಿಗೆ ಕಿತ್ಬುಡ್ತೀನಿ. ಬುಡೋ ಅವ್ರನ್ನ!"

ಬಟ್ಟೆ ಹಿಡಿದಿದ್ದವನ ಕೈ ಸಡಿಲವಾಯಿತು. ರಂಗಕ್ಕ ವೇದಿಕೆಯ ಹತ್ತಿರ ಬಂದು ಸೆರಗು ಒಡ್ಡಿದಳು. "ನಾನೇ ಹೇಳ್ತಿವ್ನಿ, ನಿಮ್ ತಪ್ಪಿಲ್ಲ. ಕೂತ್ಕಳಿ ಬುದ್ಧಿ."

ನುಗ್ಗಿಬಂದವರನ್ನು ಎದುರಿಸುವುದಕ್ಕಿಂತ ಅವಳಿಗೆ ಬೇಡವೆನ್ನುವುದು ಅವನಿಗೆ ಕಷ್ಟವಾಯಿತು. "ಇಲ್ಲ ಅಜ್ಜಿ" ಅಂದ. ಅವಳು ಅವನನ್ನೇ ನೋಡುತ್ತ ನಿಂತಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡವರ ಹಾಗಿತ್ತು.

ಮರುಳಸಿದ್ದಯ್ಯ ಎದ್ದು, ಅಂದು ಹೊದೆಸಿದ್ದ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಜನರ ನಡುವೆಯೇ ಹೊರಗೆ ನಡೆದರು. ಕರಿಬಸಮ್ಮ ತಟ್ಟೆ ಕೆಳಗಿಟ್ಟು ವೇದಿಕೆ ಹತ್ತಿದಳು. "ನಡಿ ಮಗ, ಊಟ ಮಾಡಿಲ್ಲ ನೀನು" ಅಂದಳು.

ಇದಾಗಿ ಮೂರು ವರ್ಷವಾಯಿತು. ಮರುವರ್ಷ ದೊಡ್ಡಬುದ್ಧಿ ತೀರಿಕೊಂಡರು. ಅಂತಿಮ ದರ್ಶನಕ್ಕೆ ಹೋದ ಪ್ರಭುದೇವನನ್ನು ಸಮಿತಿಯವರು ಬಾಗಿಲಲ್ಲೇ ತಡೆದರು. ಅವನು ಬಿಸಿಲಲ್ಲಿ ರಸ್ತೆಯಾಚೆ ನಿಂತು, ಎಲ್ಲ ಮುಗಿದ ಮೇಲೆ ಹಿಂತಿರುಗಿದ. ಪೀಠಕ್ಕೆ ಬೇರೆ ಕಡೆಯಿಂದ ಒಬ್ಬರು ಬಂದಿದ್ದಾರೆ.

ಈಗ ಅವನು ಮಧುಗಿರಿಯ ಒಂದು ಟ್ಯುಟೋರಿಯಲ್‌ನಲ್ಲಿ ಕನ್ನಡ ಪಾಠ ಮಾಡುತ್ತಾನೆ. ದೇವರಿಲ್ಲವೆನ್ನುವ ಹುಡುಗರು ಅವನು ತಮ್ಮ ಕಡೆಯವನೆಂದುಕೊಂಡು ಬರುತ್ತಾರೆ, ಹಣೆಯ ವಿಭೂತಿ ನೋಡಿ ತಬ್ಬಿಬ್ಬಾಗುತ್ತಾರೆ. ಆಶಾರಾಣಿ ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಊರಿಗೆ ಬಂದಾಗ ಒಮ್ಮೊಮ್ಮೆ ಸಿಗುತ್ತಾಳೆ, ಅವನನ್ನು ಸಾರ್ ಅನ್ನುತ್ತಾಳೆ.

ಹೋದ ತಿಂಗಳು ಮರುಳಸಿದ್ದಯ್ಯ ತಲೆಸುತ್ತಿಗೆ ತೋರಿಸಲು ಮಧುಗಿರಿಗೆ ಒಬ್ಬರೇ ಬಂದವರು, ಹೊರಡುವಾಗ ಹೆಂಡತಿ ಒತ್ತಾಯಿಸಿದ್ದಕ್ಕೆ ಮಗನ ಬಾಡಿಗೆ ಕೋಣೆಯ ಮೆಟ್ಟಿಲು ಹತ್ತಿದರು. ಮೂರು ವರ್ಷದಲ್ಲಿ ಅದೇ ಮೊದಲು. ಪ್ರಭುದೇವ್ ಆಗತಾನೆ ಪೂಜೆ ಮುಗಿಸಿ ಬಿಲ್ವಪತ್ರೆ ತೆಗೆಯುತ್ತಿದ್ದ.

"ಇನ್ನೂ ಮಾಡ್ತೀಯಾ?" ತಂದೆ ಬಾಗಿಲಲ್ಲೇ ನಿಂತು ಕೇಳಿದರು.

"ಮಾಡ್ತೀನಿ ಅಪ್ಪಾಜಿ."

ಅವರು ಒಳಗೆ ಬಂದು ಕೂತರು. ಉಪ್ಪಿಟ್ಟು ಕೊಟ್ಟರೆ ತಟ್ಟೆ ಖಾಲಿಯಾಗುವವರೆಗೂ ತಲೆಯೆತ್ತಲಿಲ್ಲ. ಬಸ್ಸಿಗೆ ಹತ್ತಿಸಲು ಮಗ ಜೊತೆಗೆ ಹೋದ. ಅವರಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಡುವವರೆಗೂ ಪ್ರಭುದೇವ್ ಕೆಳಗೆ ನಿಂತೇ ಇದ್ದ, ತಂದೆ ಮುಂದಿನ ಸೀಟಿನ ಕಂಬಿಯನ್ನೇ ನೋಡುತ್ತ ಕೂತಿದ್ದರು.