ಒಂದು ಲಕ್ಷ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು

‘ತೊಗರಿ ಕೊಯ್ಯೋರ ಮನಿ ಹುಡುಗಿ ಗಣಿತದಾಗ ಡಿಗ್ರಿ ತಗೊಂಡ್ರ ನಾ ಮೀಸಿ ಬೋಳಿಸ್ತೇನಿ’ ಎಂದವರು ನಮ್ಮ ಕಾಕಾ. ನಮ್ಮಲ್ಲಿ ಹತ್ತನೇ ಇಯತ್ತೆ ದಾಟಿದವರೇ ಇರಲಿಲ್ಲ. ನಾನೋ ಗಣಿತದ ಒಂದು ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದೆ. ಮತ್ತೆ ಫೇಲಾದರೆ ಕಾಲೇಜು ಬಿಟ್ಟು ಕೂಲಿಗೆ ಬಾ ಎಂದು ಅಪ್ಪನೂ ಹೇಳಿಬಿಟ್ಟ. ಆಗ ಅವ್ವ ಕರೆದೊಯ್ದದ್ದು ಜೇವರ್ಗಿಯ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ, ಎಲ್ಲರೂ ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದವರ ಹತ್ತಿರ.

ಆಪಾನ ಬೆರಳಸಂದಿ ಯಾವಾಗಲೂ ಬಿಳಿ. ಹಿಟ್ಟೋ ಬಳಪವೋ ಹೇಳಲಾಗುತ್ತಿರಲಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವರು ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ರೊಟ್ಟಿ ಬಡಿಯುತ್ತಲೇ ಪಾಠ. ಒಳಗಿನಿಂದ ಕೂಗು ಬಂದರೆ ಪಾಠ ಅರ್ಧಕ್ಕೇ ನಿಲ್ಲುತ್ತಿತ್ತು.

ಮೊದಲ ದಿನ ಅಡಿಗೆಮನೆಯ ನೆಲದ ಮೇಲೆ 1,42,857 ಎಂದು ಬರೆದು, ಎರಡರಿಂದ ಗುಣಿಸು ಎಂದರು. 2,85,741 ಎಂದು ಬರೆದೆ. ಶಾಲೆಯಲ್ಲಿ ಕಲಿಸಿದಂತೆ ಅಂಕಿ ಕೂಡಿಸಿ, ಒಂಬತ್ತು ತೆಗೆದು ನೋಡಿದೆ, ತಾಳೆಯಾಯಿತು. ಉತ್ತರ ತಪ್ಪಾಗಿತ್ತು.

‘ಅಂಕಿ ಅದಲ್ ಬದಲ್ ಆದ್ರೂ ಕೂಡಿದ್ದು ಅಷ್ಟ ಆಗ್ತದ, ಬೇಟಾ. ತಾಳೆ ಆತಂತ ಸುಮ್ಮ ಕುಂದ್ರಬ್ಯಾಡ. ಯಾಕಂತ ಕೇಳು.’

ಸರಿಯಾಗಿ ಗುಣಿಸಿದರೆ 2,85,714. ಮೂರರಿಂದ 4,28,571. ಆರರ ತನಕವೂ ಅವೇ ಅಂಕಿ, ಅದೇ ಸಾಲು, ಶುರುವಾಗುವ ಜಾಗ ಮಾತ್ರ ಬೇರೆ. ಯಾಕೆ ಎಂದು ಕೇಳಿದೆ. ಒಂದನ್ನು ಏಳರಿಂದ ಭಾಗಿಸುತ್ತ ಹೋಗಲು ಹೇಳಿದರು. ದಶಮಾಂಶದಲ್ಲಿ ಇದೇ ಸಂಖ್ಯೆ ಸುತ್ತತೊಡಗಿತು.

‘ಶೇಷ ಸೊನ್ನಿ ಅಂತೂ ಉಳಿಯಂಗಿಲ್ಲ. ಉಳಿದ್ರ ಒಂದರಿಂದ ಆರು ಅಷ್ಟ. ಆರೂ ಮುಗದ್ವು. ಇನ್ನೆಲ್ಲಿ ಹೋಗ್ತದ? ಹೊಳ್ಳಿ ಬರಬೇಕು.’

ಏಳರಿಂದ ಗುಣಿಸಿದಾಗ 9,99,999 ಬಂತು. ‘ಸುತ್ತು ಬಿಟ್ಟು ಹೊರಗ ಬಂತು ನೋಡ್ರಿ ಆಪಾ’ ಎಂದೆ.

ಅವರು ನಕ್ಕರು. ‘ಬಂದು ಎಲ್ಲಿಗಿ ಹೋತು? ಇನ್ನೊಂದು ಕೂಡ್ಸು, ಹತ್ತು ಲಕ್ಷ. ಅದನ್ನ ಏಳರಿಂದ ಭಾಗ್ಸು. ಮತ್ತ ಇದಾ ಬರ್ತದ, ಮ್ಯಾಲೊಂದು ಉಳೀತದ.’ ಅಷ್ಟರಲ್ಲಿ ಒಳಗಿನ ಕೂಗು. ಎದ್ದು ಹೋದರು.

ಚಳಿಗಾಲವಿಡೀ ಹೋದೆ. ಪ್ರತಿಯೊಂದಕ್ಕೂ ಯಾಕೆ ಎಂದು ಕೇಳಿಯೇ ಮುಂದಿನ ಸಾಲು ಬರೆಯುವುದು ರೂಢಿಯಾಯಿತು. ಮೂರನೆಯ ಸಲ ಪಾಸಾದೆ. ಯಾರ ಕೃಪೆಯಿಂದಲೂ ಅಲ್ಲ, ಬರೆದು ಪಾಸಾದೆ.

ಡಿಗ್ರಿ ಸರ್ಟಿಫಿಕೇಟು ಕೈಗೆ ಬಂದ ದಿನ ಬಸ್ಸಿಳಿದು ನೇರ ಆಪಾನ ಮನೆಗೆ ಹೋದೆ. ಕೈಯೊರೆಸಿಕೊಂಡು ತೆಗೆದುಕೊಂಡರು. ನನ್ನ ಹೆಸರು ಓದಿದರು. ಗಣಿತ ಎಂಬಲ್ಲಿಗೆ ಬಂದ ಬೆರಳು ಅಲ್ಲೇ ನಿಂತಿತು.

ಹಾಸಿಗೆಯ ಮೇಲಿಂದ ಅವರ ಅತ್ತೆ ನನ್ನ ಕಡೆ ಹೊರಳಿ ಹೇಳಿದರು: ‘ಇಕೀನೂ ಇದಾ ಓದಾಕತ್ತಿದ್ಳು, ಬೇಟಿ. ಕೊನಿ ವರ್ಷ ನಾನಾ ಬಿಡ್ಸಿದೆ.’