ಕತ್ತರಿ ಮಸೆದ ಕಲ್ಲು

ಬೆಟ್ಟ ಹತ್ತುವುದಕ್ಕೆಂದೇ ಜನ ಬೆಂಗಳೂರಿನಿಂದ ಬರುತ್ತಾರೆ ಅಂದರೆ ನಾನು ಮೊದಲು ನಂಬಿರಲಿಲ್ಲ. ನಾವು ಹತ್ತುತ್ತಿದ್ದದ್ದು ತಪ್ಪಿಸಿಕೊಂಡ ಕುರಿ ಹುಡುಕಲು, ಇಲ್ಲವೇ ಸೌದೆಗೆ. ಇವರು ಮೇಲೆ ಹೋಗಿ ಏನನ್ನೂ ತರದೆ ಬರಿಗೈಲಿ ಇಳಿಯುತ್ತಾರೆ, ಅದೂ ನಗುನಗುತ್ತಾ. ಕುದೂರಿನಲ್ಲಿ ಬಸ್ಸಿಳಿದವರು, ಕಾರಿನಲ್ಲಿ ಬಂದವರು ಎಲ್ಲರೂ ಭಾನುವಾರ ಬಿಸಿಲೇರುವ ಮೊದಲೇ ನಮ್ಮ ದುರ್ಗದ ಬುಡದಲ್ಲಿ ಹಾಜರು. ಮೇಲೆ ಬಿದ್ದುಹೋದ ಕೋಟೆ ಗೋಡೆ, ನೀರು ನಿಲ್ಲುವ ಎರಡು ದೊಣೆ, ಒಂದು ಮುರುಕು ಬಾಗಿಲು ಬಿಟ್ಟರೆ ಏನಿದೆ ಮಹಾ ಎಂದು ನಾನು ಬಯ್ದುಕೊಳ್ಳುತ್ತಿದ್ದೆ. ಆಮೇಲೆ ಅವರ ಬಾಯಾರಿಕೆ ಕಣ್ಣಿಗೆ ಬಿತ್ತು. ದಾರಿ ಶುರುವಾಗುವ ಹುಣಸೆಮರದ ನೆರಳಲ್ಲಿ ಒಂದು ಮೇಜು ಹಾಕಿ ಮಜ್ಜಿಗೆ, ಸೌತೆಕಾಯಿ ಮಾರಲು ಕೂತೆ. ಈಗ ಹದಿನೈದು ವರ್ಷವಾಯಿತು.

ಆ ಹುಣಸೆಮರದ ಬುಡದಲ್ಲೇ ನಮ್ಮ ಮನೆಯವರು ಪೂಜಿಸುವ ಕಲ್ಲಿರುವುದು. ನನ್ನ ಎದೆಮಟ್ಟದ ವೀರಗಲ್ಲು. ಮೇಲೆ ಸೂರ್ಯ, ಚಂದ್ರ. ನಡುವೆ ಬಿಲ್ಲು ಹಿಡಿದವನೊಬ್ಬ, ಅವನ ಕಾಲ ಬಳಿ ಎರಡು ದನ. ಕೆಳಗೆ ನಾಲ್ಕು ಸಾಲು ಹಳೆಯ ಬರಹ. ಎಣ್ಣೆ, ಅರಿಸಿನ, ದೂಳು ಎಲ್ಲ ಮೆತ್ತಿಕೊಂಡು ಅದು ಬರಹವೋ ಬಿರುಕೋ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದರೂ ಆ ಕಾಲದ ಅಕ್ಷರ ಓದಬಲ್ಲವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ನಮ್ಮತ್ತೆ ಅವನನ್ನು ಕಲ್ಲುತಾತ ಅನ್ನುತ್ತಿದ್ದರು. ನಮ್ಮ ವಂಶದವನು, ದನಗಳ್ಳರ ಜೊತೆ ಹೊಡೆದಾಡಿ ಸತ್ತವನು ಎನ್ನುವಷ್ಟು ಮಾತ್ರ ಬಾಯಿಂದ ಬಾಯಿಗೆ ಬಂದಿತ್ತು. ಹೆಸರು ಬಂದಿರಲಿಲ್ಲ.

ಆ ಹೆಸರಿಗಾಗಿ ನಮ್ಮತ್ತೆ ಪಟ್ಟ ಸಂಕಟ ಅಷ್ಟಿಷ್ಟಲ್ಲ. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಸತ್ತವರಿಗೆಲ್ಲ ಸಾಲಾಗಿ ಎಲೆ ಹಾಕಿ ಎಡೆ ಇಡುತ್ತೇವೆ. ಒಂದೊಂದು ಎಲೆಯ ಮುಂದೆ ಕೂತು, ಹೆಸರು ಹಿಡಿದು, ಬಂದು ಉಣ್ಣಪ್ಪ ಎಂದು ಕರೆಯಬೇಕು. ಕೊನೆಯ ಎಲೆ ಕಲ್ಲುತಾತನದು. ಅಲ್ಲಿಗೆ ಬಂದಾಗ ಅತ್ತೆಯ ಬಾಯಿ ಕಟ್ಟುತ್ತಿತ್ತು.

"ಹೆಸ್ರಿಡ್ದು ಕರೀದೆ ಯಾರಮ್ಮಿ ಉಣ್ಣಕ್ ಬತ್ತಾರೆ? ಪಾಪ, ಪ್ರತಿ ವರ್ಸ ಬಾಗ್ಲಲ್ಲೇ ನಿಂತಿದ್ದು ಹಸ್ಕಂಡು ಒಂಟೋಯ್ತಾನೆ," ಅನ್ನುತ್ತಿದ್ದರು.

ಆ ಕಲ್ಲಿಗೆ ಇನ್ನೊಂದು ಪದ್ಧತಿಯೂ ಇತ್ತು. ವರ್ಷದಲ್ಲಿ ಮೊದಲ ಸಲ ಕುರಿಯ ತುಪ್ಪಟ ಕತ್ತರಿಸುವ ದಿನ, ಕತ್ತರಿಯನ್ನು ಕಲ್ಲಿನ ಬಲಗಡೆಯ ಕೆಳಮೂಲೆಯಲ್ಲಿ ಮೂರು ಸಲ ಮಸೆದು ಆಮೇಲೇ ಕುರಿಗೆ ಮುಟ್ಟಿಸಬೇಕು. ತಾತನ ಅಪ್ಪಣೆ ಪಡೆದಂತೆ. ಅತ್ತೆ ನನಗೂ ಅದನ್ನು ಹೇಳಿಕೊಟ್ಟಿದ್ದರು. ಆ ಮೂಲೆ ಸವೆದೂ ಸವೆದೂ ಕೈಗೆ ನುಣ್ಣಗಾಗಿತ್ತು.

ನಾನು ಜಾಣೆ ನೋಡಿ. ಮಸೆಯಲು ಅಷ್ಟು ಒಳ್ಳೆಯ ಜಾಗ ಅಂಗಡಿಯ ಪಕ್ಕದಲ್ಲೇ ಇರುವಾಗ ಮನೆಯ ಮಸೆಗಲ್ಲನ್ನು ಹೊತ್ತು ತರುವ ದಡ್ಡತನ ಯಾಕೆ ಮಾಡಲಿ? ಪ್ರತಿ ಭಾನುವಾರ ಬೆಳಿಗ್ಗೆ ಮೇಜು ಒರೆಸಿ, ಕಲ್ಲಿಗೆ ಕೈಮುಗಿದು, ಸೌತೆಕಾಯಿ ಚಾಕುವನ್ನು ಅಲ್ಲೇ ಚೆನ್ನಾಗಿ ಮಸೆದುಕೊಳ್ಳುತ್ತಿದ್ದೆ. ಗಿರಾಕಿ ಜಾಸ್ತಿಯಾದ ದಿನ ಮಧ್ಯಾಹ್ನ ಇನ್ನೊಂದು ಸಲ. ಕುಡುಗೋಲು, ಮಚ್ಚುಗಳನ್ನೂ ತಂದದ್ದುಂಟು. ತಾತನ ಕಲ್ಲಲ್ಲಿ ಮಸೆದ ಚಾಕು ಎಂಥ ಹರಿತ ಎಂದು ಗಿರಾಕಿಗಳ ಮುಂದೆ ಜಂಬ ಬೇರೆ ಕೊಚ್ಚುತ್ತಿದ್ದೆ.

ಕಳೆದ ವರ್ಷ ಬೆಟ್ಟ ಹತ್ತುವವರ ಗುಂಪಿನಲ್ಲಿ ಒಬ್ಬ ಮೇಷ್ಟ್ರು ಬರತೊಡಗಿದರು. ನಿವೃತ್ತರು, ಊರೂರು ಸುತ್ತಿ ಹಳೆಯ ಶಾಸನ ಓದುವ ಹುಚ್ಚು. ಮಜ್ಜಿಗೆ ಕುಡಿಯುತ್ತಾ ಕಲ್ಲಿನ ಸುತ್ತ ಎರಡು ಸುತ್ತು ಬಂದು, "ತೊಳೆದು ಕೊಡಿ ತಾಯಿ, ಓದ್ತೀನಿ," ಎಂದರು. ಸಂಜೆ ಅತ್ತೆಗೆ ಹೇಳಿದೆ. ಅವರು ಮುಂದಿನ ಭಾನುವಾರದವರೆಗೆ ದಿನ ಎಣಿಸಿದರು. ಆ ದಿನ ಟ್ರಂಕಿನಲ್ಲಿದ್ದ ಹಸಿರು ಸೀರೆ ಉಟ್ಟು, ನನ್ನ ಕೈ ಹಿಡಿದುಕೊಂಡು ಮರದ ತನಕ ನಡೆದು ಬಂದು, ಗೋಣಿಚೀಲದ ಮೇಲೆ ಕೂತರು.

"ಹೆಸ್ರು ಇದ್ದೇ ಇರತ್ತಾ ಸಾಮಿ?"

"ಹೆಸರು ಉಳೀಲಿ ಅಂತಾನೇ ಅಲ್ವಾ ಅಜ್ಜಿ ಕಲ್ಲು ನೆಡೋದು," ಎಂದರು ಮೇಷ್ಟ್ರು.

ನಾನು ಬಿಸಿನೀರು, ಸೀಗೆಪುಡಿ ಹಾಕಿ ಉಜ್ಜಿ ತೊಳೆದಿದ್ದೆ. ಮೇಷ್ಟ್ರು ಒಂದು ಬಟ್ಟಲು ಅಕ್ಕಿಹಿಟ್ಟು ಕೇಳಿ, ಒಣಗಿದ ಕಲ್ಲಿಗೆ ಅಂಗೈಯಿಂದ ಸವರಿದರು. ನೋಡುತ್ತಿದ್ದ ಹಾಗೇ ಕರೀ ಕಲ್ಲಿನ ಮೇಲೆ ಬೆಳ್ಳಗೆ ಅಕ್ಷರ ಎದ್ದು ನಿಂತವು. ಇಷ್ಟು ವರ್ಷ ನಾನು ಬೆನ್ನು ಕೊಟ್ಟು ಕೂತಿದ್ದ ಕಲ್ಲು ಇಷ್ಟೊಂದು ಮಾತಾಡುತ್ತದೆ ಎಂದು ನನಗೇನು ಗೊತ್ತು. ಮೇಷ್ಟ್ರು ಬೆರಳಿಟ್ಟು ಓದಿ, ನಮಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದರು. ಒಬ್ಬನೇ ಅಡ್ಡ ನಿಂತು ಅವನ್ನು ಬಿಡಿಸಿದ. ಬಿಡಿಸಿ ಸತ್ತ. ಅವನ ಮಗ ಈ ಕಲ್ಲು ನಿಲ್ಲಿಸಿದ. ಅತ್ತೆ ಕೈ ಜೋಡಿಸಿಕೊಂಡು ಕೇಳುತ್ತಿದ್ದರು, ಕಣ್ಣಲ್ಲಿ ನೀರು ಧಾರಾಕಾರ.

"ಹೆಸರು ಈ ಕೊನೆಗೆ ಬರಬೇಕು," ಎನ್ನುತ್ತಾ ಮೇಷ್ಟ್ರ ಕೈ ಬಲಗಡೆಯ ಕೆಳಮೂಲೆಗೆ ಸರಿಯಿತು. ಅಲ್ಲಿ ಹಾಕಿದ ಹಿಟ್ಟು ನಿಲ್ಲಲಿಲ್ಲ, ಜಾರಿ ನೆಲಕ್ಕೆ ಬಿತ್ತು. ಮತ್ತೆ ಹಾಕಿದರು. ಮತ್ತೆ ಜಾರಿತು. ಮೂರನೆಯ ಸಲ ಅವರು ಹಿಟ್ಟು ಹಾಕಲಿಲ್ಲ, ಬರೀ ಬೆರಳಲ್ಲಿ ಸವರಿ ನೋಡಿ ತಲೆ ಎತ್ತಿದರು.

"ಇಲ್ಲಿ ಏನಾದ್ರೂ ಮಸೀತೀರಾ ತಾಯಿ?"

ಆಗ ನನ್ನ ಬಲಗೈಯಲ್ಲಿ ಚಾಕು ಇತ್ತು. ಅವರಿಗೆ ಕೊಡಲೆಂದು ಸೌತೆಕಾಯಿ ಹೆಚ್ಚುತ್ತಿದ್ದೆ. ಅದನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸಿದೆ. ನನಗಿಂತ ಮೊದಲು ಅತ್ತೆಯೇ ಮಾತಾಡಿದರು.

"ಕತ್ತರಿ ಸಾಮಿ. ವರ್ಸಕ್ಕೊಂದ್ ಸಲ, ಮೂರೇ ಮೂರ್ ಸಲ. ತಾತನ್ಗೆ ಮರ್ವಾದೆ ಅಂತ."

ಮೇಷ್ಟ್ರು ಕೈಗಂಟಿದ ಹಿಟ್ಟು ಒರೆಸಿಕೊಂಡು ಬಟ್ಟಲು ಕೆಳಗಿಟ್ಟರು. ಅತ್ತೆಗೆ ನಿಧಾನವಾಗಿ ಅರ್ಥವಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಲ್ಲನ್ನೇ ನೋಡುತ್ತಾ ಕೂತುಬಿಟ್ಟರು. ಹೆಸರಿಗಾಗಿ ಜೀವಮಾನವಿಡೀ ಹಂಬಲಿಸಿದವರು, ಆ ಹೆಸರಿನ ಮೇಲೇ ಕತ್ತರಿ ಆಡಿಸಿ ಎಂದು ಮನೆಗೆ ಬಂದ ಸೊಸೆಗೂ ಕಲಿಸಿದ್ದರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಚಾವಾಗುತ್ತಿದ್ದೆ. ಮನೆಯಲ್ಲಿ ಕಲ್ಲಿನ ಒಂದು ಫೋಟೋ ಇದೆ ಎಂದು ನೆನಪಿಸಿದವಳೂ ನಾನೇ. ನಾನು ಅಂಗಡಿ ಇಡುವುದಕ್ಕೆ ಸ್ವಲ್ಪ ಮೊದಲು, ಬೆಟ್ಟ ಹತ್ತಲು ಬಂದ ಹುಡುಗಿಯೊಬ್ಬಳು ನಮ್ಮ ಮಾವ ಕತ್ತರಿ ಮಸೆಯುವುದನ್ನು ಕಂಡು ಫೋಟೋ ಹಿಡಿದು, ದೊಡ್ಡದು ಮಾಡಿಸಿ ಅಂಚೆಯಲ್ಲಿ ಕಳಿಸಿದ್ದಳು. ಮಾವ ತೀರಿಕೊಂಡ ಮೇಲೆ ಅದಕ್ಕೇ ಹಾರ ಹಾಕಿದ್ದೆವು. ಮೇಷ್ಟ್ರು ಮನೆಗೆ ಬಂದು, ಹಾರ ಸರಿಸಿ, ಕನ್ನಡಕ ಎತ್ತಿ, ಅದನ್ನು ಮೊಬೈಲಿನಲ್ಲಿ ಸೆರೆಹಿಡಿದು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಅಜ್ಜಿ, ಆಗ ಅಕ್ಷರ ಇತ್ತು. ನೋಡಿ, ಇವರ ಮುಷ್ಟಿಯ ಈ ಕಡೆ ಒಂದು ಕೊಂಬು, ಆ ಕಡೆ ಅರ್ಧ ಅಕ್ಷರ. ತೆಳ್ಳಗಾಗಿದೆ, ಆದ್ರೆ ಇದೆ. ಹೆಸರು ಸರಿಯಾಗಿ ಕೈ ಅಡೀಲಿ ಸೇರ್ಕೊಂಡಿದೆ. ಅಳಿಸಿ ಹೋಗಿರೋದು ಈಚೆಗೆ."

ಈಚೆಗೆ. ಎಷ್ಟೋ ತಲೆಮಾರಿನ ಕತ್ತರಿಗಳಿಗೆ ತಡೆದುಕೊಂಡಿದ್ದ ಹೆಸರು ನನ್ನ ಹದಿನಾಲ್ಕು ವರ್ಷದ ಭಾನುವಾರಗಳಿಗೆ ತಡೆಯಲಿಲ್ಲ. ಕಳ್ಳರು ಅವನ ಜೀವ ತೆಗೆದರು, ಉಳಿದದ್ದನ್ನು ನಾನು ತೆಗೆದೆ. ಮೇಷ್ಟ್ರನ್ನು ಬಸ್ಸಿಗೆ ಕಳಿಸಿ ಬಂದು ಹಿತ್ತಿಲಲ್ಲಿ ಒಬ್ಬಳೇ ಕೂತೆ.

ಅತ್ತೆ ಎರಡು ದಿನ ಮುದ್ದೆ ಮುಟ್ಟಲಿಲ್ಲ. ಎಲ್ಲ ನನ್ನಿಂದ, ನಾನೇ ಹೇಳಿಕೊಟ್ಟದ್ದು ಎಂದು ಒಂದೇ ಸಮನೆ ಗೊಣಗುತ್ತಿದ್ದರು. ನಿಜ ಹೇಳುವ ಧೈರ್ಯವಿಲ್ಲದೆ ನಾನು ಅಡ್ಡದಾರಿ ಹಿಡಿದೆ. "ಮೇಷ್ಟ್ರುನ್ನೇ ಕೇಳಿ ಆ ಕಾಲದ್ದು ಒಂದು ಹೆಸ್ರು ಇಟ್ಕಂಬುಡನ ಅತ್ತೆ. ಯಾರಿಗ್ ಗೊತ್ತಾಯ್ತದೆ?"

ಅತ್ತೆ ನನ್ನನ್ನು ತಲೆ ಕೆಟ್ಟವಳನ್ನು ನೋಡುವ ಹಾಗೆ ನೋಡಿದರು. "ಬೇರೇವ್ನ ಹೆಸ್ರಿಡ್ದು ಕರದ್ರೆ ಬೇರೇವ್ನೇ ಬಂದು ಉಂಡೋಯ್ತಾನೆ ಕಣಮ್ಮಿ. ನಮ್ಮೋನ್ ಮತ್ತೂ ಆಚೆಗೇ ನಿಂತಿರ್ತಾನೆ."

ಇನ್ನು ತಡೆಯಲಾಗಲಿಲ್ಲ. ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ನಿಮ್ಮ ಮೂರು ಸಲದಿಂದ ಹೋದದ್ದಲ್ಲ ಅತ್ತೆ, ನನ್ನ ಚಾಕು, ಪ್ರತಿ ಭಾನುವಾರ, ಅಂಗಡಿ ಇಟ್ಟಾಗಿನಿಂದ ಎಂದೆ. ಬಯ್ಯುತ್ತಾರೆ, ಒಂದೇಟು ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.

"ಸೌತೆಕಾಯ್ಗಾ?" ಎಂದು ಕೇಳಿದರು.

ಅಷ್ಟೇ. ಆಮೇಲೆ ನನ್ನ ಜೊತೆ ಮಾತು ಬಿಟ್ಟರು. ತಟ್ಟೆ ಇಟ್ಟರೆ ಉಣ್ಣುತ್ತಿದ್ದರು, ಕರೆದರೆ ತಿರುಗುತ್ತಿರಲಿಲ್ಲ. ನನ್ನ ಗಂಡ ನಡುವೆ ಬಂದು ಸಮಾಧಾನ ಹೇಳಲು ಹೋದರೆ ಅವನಿಗೂ ಮುಖ ತಿರುಗಿಸಿದರು. ಭಾನುವಾರ ನಾನು ಅಂಗಡಿಯನ್ನು ಮರದಿಂದ ಐವತ್ತು ಮಾರು ಆಚೆಗೆ, ಬಿಸಿಲಿಗೇ ಇಟ್ಟುಕೊಂಡೆ. ಯಾಕಮ್ಮ ಇಲ್ಲಿ ಎಂದು ಕೇಳಿದ ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಹೀಗೇ ಮಹಾಲಯ ಅಮಾವಾಸ್ಯೆ ಬಂತು. ಎಲೆಗಳನ್ನು ಹಾಕಿ, ಮುದ್ದೆ, ಬಾಡಿನ ಸಾರು, ವಡೆ, ಪಾಯಸ ಎಲ್ಲ ಬಡಿಸಿ ನಾನು ಬಾಗಿಲ ಬಳಿ ದೂರ ನಿಂತೆ. ಅತ್ತೆ ಒಂದೊಂದೇ ಎಲೆಯ ಮುಂದೆ ಕೂತು ಹೆಸರು ಕರೆದರು. ಮಾವನ ಸರದಿಯೂ ಮುಗಿಯಿತು. ಕೊನೆಯ ಎಲೆಯ ಮುಂದೆ ಬಂದು ಸೆರಗಿನ ಅಡಿಯಿಂದ ಕುರಿ ಕತ್ತರಿ ತೆಗೆದರು. ನನಗೆ ಗಾಬರಿಯಾಯಿತು. ಅವರು ಅದನ್ನು ಎಲೆಯ ಮೇಲೆ ಹಿಡಿದು ಅದರ ಬಾಯಿ ತೆಗೆದು ಮುಚ್ಚಿದರು. ಕಿಚ್, ಕಿಚ್, ಕಿಚ್.

"ಹೆಸ್ರಿಲ್ದೆ ವೋದ್ರೆ ವೋಗ್ಲಿ. ಈ ಸದ್ದು ಅವ್ನಿಗ್ ಗೊತ್ತು, ಬತ್ತಾನೆ," ಎಂದರು. ಆಮೇಲೆ, ಎಷ್ಟೋ ದಿನದ ಮೇಲೆ, ನನ್ನ ಕಡೆ ತಿರುಗಿದರು. "ನಿನ್ ಚಾಕು ಎಲ್ಲಮ್ಮಿ? ತಕ್ಕಂಡ್ ಬಾ. ಈಚೀಚೆಗೆ ಅವ್ನು ಜಾಸ್ತಿ ಕೇಳಿರಾದು ಅದ್ನೇ."

ಹೋಗಿ ತಂದೆ. ಅತ್ತೆ ಸರಿದು ಜಾಗ ಕೊಟ್ಟರು. ಎಲೆಯ ಪಕ್ಕದ ನೆಲದ ಚಪ್ಪಡಿಯ ಮೇಲೆ ಚಾಕುವನ್ನು ಮೂರು ಸಲ ಎಳೆದೆ. ಮೂರೇ ಸಲ.